ಮೆಣಸು ತಿಂದ ಹುಲಿ

"ಕೇಳ್ರಪ್ಪೋ ಕೇಳಿ! ಅರಸಿ ಪದ್ಮಲೆಯವರ ಅಪ್ಪಣೆ! ಘಟ್ಟದ ದಾರಿಯಲ್ಲಿ ಅರಸಿಯವರ ತಮ್ಮನನ್ನು ಕೊಂದ ಕಾಡಿನ ಜನರನ್ನು ಬರುವ ಅಮಾವಾಸ್ಯೆಗೆ ಗಲ್ಲಿಗೇರಿಸುತ್ತಾರೆ. ಅದಕ್ಕೂ ಮೊದಲು ಅರಸಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆಯೂ ಅಮಾವಾಸ್ಯೆಗೇ ಹೋಗುತ್ತದೆ!"

ಪೇಟೆಯಲ್ಲಿ ಡಂಗುರ ಕೇಳಿದ ಮುದ್ದನ ತಲೆಮೇಲಿದ್ದ ಪೊರಕೆಯ ಹೊರೆ ದೊಪ್ಪನೆ ಕೆಳಗೆ ಬಿತ್ತು. ಸೆರೆಯಲ್ಲಿದ್ದ ಕಾಡಿನವರಲ್ಲಿ ಅವನ ತಾಯಿ ಜವರಿಯೂ ಇದ್ದಳು. ಹೆತ್ತವಳಲ್ಲ. ಯಾರೋ ದಾರಿಯಲ್ಲಿ ಬಿಟ್ಟುಹೋದ ಕೂಸನ್ನು ಎತ್ತಿಕೊಂಡು, ಜೇನು ನೆಕ್ಕಿಸಿ, ಮುದ್ದ ಎಂದು ಹೆಸರಿಟ್ಟು ಸಾಕಿದವಳು. ಅವಳನ್ನು ಬಿಟ್ಟರೆ ಅವನಿಗೆ ಲೋಕದಲ್ಲಿ ನನ್ನವರು ಅನ್ನುವವರಿರಲಿಲ್ಲ.

ಘಟ್ಟದ ದಾರಿಯಲ್ಲಿ ಕೊಲೆ, ಸುಲಿಗೆ ಶುರುವಾಗಿ ಬಹಳ ಕಾಲವಾಗಿತ್ತು. ಪ್ರತಿ ಸಲವೂ ಹೆಣಗಳ ಪಕ್ಕದ ಮರಕ್ಕೆ ಕೆಂಪು ಬಾವುಟ ಕಟ್ಟಿರುತ್ತಿತ್ತು. "ನಮ್ಮ ಕಾಡು ನಮಗೆ ಬಿಡುವ ತನಕ ನಿಮ್ಮ ರಕ್ತ ಹರಿಯುತ್ತದೆ" ಎಂದು ಅದರ ಮೇಲೆ ಬರೆದಿರುತ್ತಿತ್ತು. ಊರಿನವರು ಬಾವುಟ ನೋಡಿ ನಡುಗಿದರೇ ಹೊರತು, ಹೇರೆತ್ತುಗಳ ಮೇಲಿದ್ದ ಸರಕು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಹೆದರಿದವರ ಬುದ್ಧಿ ಅಷ್ಟೇ ಓಡುತ್ತದೆ, ಬಿಡಿ.

ಮುದ್ದ ಆಸ್ಥಾನಕ್ಕೆ ಹೋಗಿ ಕಂಬದ ಮರೆಯಲ್ಲಿ ನಿಂತ. ಅರಸಿ ಒಡವೆ ತೊಟ್ಟಿರಲಿಲ್ಲ. ಅವಳ ಬಲಕ್ಕೆ ದಾರಿಕಾವಲಿನ ನಾಯಕ ಮಾಚರಸ ಮೀಸೆ ತಿರುವುತ್ತ ನಿಂತಿದ್ದ.

"ಒಂದು ಹುಲಿ ದಾರಿಗೆ ಅಡ್ಡ ಕೂತು, ಕಾಡು ಬೇಕು, ಕಾಡು ಬೇಕು ಎಂದು ಗರ್ಜಿಸುತ್ತದೆ," ಎಂದಳು ಅರಸಿ. "ಆದರೆ ಅದು ತಿನ್ನುವುದು ಮೆಣಸು, ಹಾಸಿ ಮಲಗುವುದು ರೇಷ್ಮೆ. ಆ ಹುಲಿ ಯಾವುದು?"

ನೆರೆನಾಡಿನ ರಾಜಕುಮಾರ ಎದೆ ತಟ್ಟಿಕೊಂಡು ಮುಂದೆ ಬಂದ. "ಇದೇನು ಮಹಾ! ಆ ಹುಲಿ ಕಾಡಿನ ಜನ!"

"ಅಲ್ಲ," ಎಂದಳು ಅರಸಿ. ಅವನನ್ನು ಸೆರೆಗೆ ಒಯ್ದರು.

ಆಮೇಲೆ ಬಂದ ಪಂಡಿತರು ಆ ಹುಲಿಯೇ ಕಾಲ, ಅದು ಎಲ್ಲವನ್ನೂ ತಿನ್ನುತ್ತದೆ ಎಂದು ಉದ್ದಕ್ಕೆ ವಿವರಿಸಿದರು. ವಿವರಣೆ ಮುಗಿಯುವ ಮೊದಲೇ ಅವರನ್ನೂ ಒಯ್ದರು. ಉಳಿದವರಿಗೆಲ್ಲ ಇದ್ದಕ್ಕಿದ್ದಂತೆ ಮನೆಯ ಕೆಲಸ ನೆನಪಾಯಿತು.

ಮುದ್ದ ಮುಂದೆ ಬಂದ. "ಅವ್ವಾ, ಮೆಣಸು ತಿನ್ನೋದು ಹುಲಿಯೇ ಅಲ್ಲ. ಹುಲಿಯ ತೊಗಲು ಹೊದ್ದ ಕಳ್ಳ. ಹೆದರಿದವರು ತೊಗಲು ನೋಡ್ತಾರೆ, ಒಳಗಿನ ಮನುಷ್ಯನನ್ನು ನೋಡಲ್ಲ."

ಅರಸಿ ನೆಟ್ಟಗೆ ಕುಳಿತಳು. "ಊರೆಲ್ಲ ತೊಯ್ದು ತೊಪ್ಪೆಯಾದ ಮಳೆಯಲ್ಲಿ ಒಬ್ಬನ ಅಂಗಳ ಮಾತ್ರ ಒಣಗಿದೆ. ಯಾಕೆ?"

ಮುದ್ದ ಯೋಚಿಸಿದ. ಮಾಚರಸನಿಗೆ ಕಾವಲು ಹಣ ಕೊಟ್ಟವರ ಎತ್ತುಗಳು ಮಾತ್ರ ಘಟ್ಟವನ್ನು ಕ್ಷೇಮವಾಗಿ ದಾಟುತ್ತಿದ್ದವು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಊರೆಲ್ಲ ಅದಕ್ಕಾಗಿ ಅವನನ್ನು ಹೊಗಳುತ್ತಿತ್ತು.

"ಅದು ಮಳೆಯಲ್ಲ, ಅವ್ವಾ. ಆ ಅಂಗಳದವನೇ ಮಾಳಿಗೆ ಹತ್ತಿ ನೀರು ಸುರೀತಿದಾನೆ. ಆಮೇಲೆ ಕೆಳಗಿಳಿದು ಬಂದು ಕೊಡೆ ಮಾರ್ತಾನೆ."

ಮಾಚರಸನ ಕೈ ಮೀಸೆಯಿಂದ ಕೆಳಗಿಳಿಯಿತು.

ಮೂರನೆಯದನ್ನು ಕೇಳುವಾಗ ಅರಸಿಯ ದನಿ ಒಡೆಯಿತು. "ಅವು ತೆರೆದೇ ಇದ್ದವು. ಬಾಗಿಲಲ್ಲ, ಕಿಟಕಿಯಲ್ಲ. ಕೊನೆಗೆ ಮುಚ್ಚಿದ್ದು ನಾನು. ಅವು ನನಗೆ ಏನು ಹೇಳುತ್ತಿದ್ದವು?"

ಮುದ್ದನಿಗೆ ಒಗಟು ಮರೆತು ಅವಳ ಸಂಕಟವಷ್ಟೇ ಕಂಡಿತು. "ನಿಮ್ಮ ತಮ್ಮನ ಕಣ್ಣಲ್ವಾ, ಅವ್ವಾ?" ಎಂದ ಮೆಲ್ಲಗೆ. "ಇದರ ಉತ್ತರ ನಿಮಗೂ ಗೊತ್ತಿಲ್ಲ, ಅಲ್ವಾ?"

"ಗೊತ್ತಿಲ್ಲ," ಎಂದಳು ಅರಸಿ. "ನೇರವಾಗಿ ಕೇಳಿದರೆ ಎಲ್ಲರೂ ನನಗೆ ಹಿತವಾದದ್ದನ್ನೇ ಹೇಳುತ್ತಾರೆ. ಕಾಡಿನವರೇ ಕೊಂದರು ಎಂಬ ಮಾತನ್ನು ನನ್ನ ಮನಸ್ಸು ಒಪ್ಪಿರಲಿಲ್ಲ. ಅದಕ್ಕೇ ಒಗಟು ಮಾಡಿ ಕೇಳಿದೆ."

"ನಮ್ಮವರು ಹಂದಿ ಹೊಡೆದರೂ ಮೊದಲು ಅದರ ಕಣ್ಣು ಮುಚ್ಚಿಸಿ, 'ತಪ್ಪಾಯ್ತು ಮಗಾ' ಅಂತಾರೆ. ಹಗೆಯನ್ನು ಕೊಂದರೂ ಹಾಗೇ ಮಾಡ್ತಾರೆ. ಕಣ್ಣು ತೆರೆದ ಹೆಣ ಬಿಟ್ಟು ಕಾಡಿನ ಯಾವ ಮಗನೂ ಮನೆಗೆ ಹೋಗಲ್ಲ. ಬಾವುಟ ಕಟ್ಟಿದವನಿಗೆ ನಮ್ಮ ಸಿಟ್ಟು ಗೊತ್ತಿತ್ತು, ಅವ್ವಾ. ನಮ್ಮ ದುಃಖ ಗೊತ್ತಿರಲಿಲ್ಲ. ನನ್ನನ್ನು ಕೊಂದವರು ಕಾಡಿನವರಲ್ಲ ಅಕ್ಕಾ, ಅಂತ ಹೇಳ್ತಿದ್ದವು ಆ ಕಣ್ಣು."

"ಕಾಡಿನವರ ಮಗ ಇನ್ನೇನು ಹೇಳ್ತಾನೆ?" ಮಾಚರಸ ಗುಡುಗಿದ. "ಸಾಕ್ಷಿ ಎಲ್ಲಿ?"

"ಸಾಕ್ಷಿ ನಿನ್ನ ಉಗ್ರಾಣದಲ್ಲೇ ಸಿಗಬಹುದು. ಬೀಗದ ಕೈ ಕೊಡು," ಎಂದಳು ಅರಸಿ.

ಆಳುಗಳು ಹೋಗಿ ಬಾಗಿಲು ತೆಗೆಸಿದರು. ಸತ್ತ ವರ್ತಕರ ಮುದ್ರೆಯಿದ್ದ ಮೆಣಸಿನ ಮೂಟೆಗಳು ಅಲ್ಲಿ ಸೂರು ಮುಟ್ಟಿದ್ದವು. ರೇಷ್ಮೆಯ ರಾಶಿಯ ಪಕ್ಕದಲ್ಲಿ ಹೊಸ ಕೆಂಪು ಬಾವುಟಗಳನ್ನು ಮಡಿಸಿಟ್ಟಿತ್ತು. ಅವುಗಳ ಮೇಲೂ ಆಗಲೇ ಅದೇ ಮಾತು ಬರೆದಾಗಿತ್ತು. ರಾಜಕುಮಾರನನ್ನೂ ಪಂಡಿತರನ್ನೂ ಬಿಡಿಸಿ, ಮಾಚರಸನನ್ನೂ ಅವನ ಬಂಟರನ್ನೂ ಸೆರೆಗೆ ತಳ್ಳಿದರು.

"ಏನು ಬೇಕು ಕೇಳು. ಅರ್ಧ ರಾಜ್ಯವಾದರೂ ಕೊಡುತ್ತೇನೆ," ಎಂದಳು ಅರಸಿ.

"ಸೆರೆಯಲ್ಲಿರೋ ನಮ್ಮವ್ವ ಬೇಕು. ಅವಳ ಜೊತೆ ಇರೋರೆಲ್ಲ ಬೇಕು."

"ಅದು ಬಹುಮಾನವಲ್ಲ, ನಾನು ತಿದ್ದಿಕೊಳ್ಳಬೇಕಾದ ತಪ್ಪು. ಇನ್ನು ಕಾಡು ನಿಮ್ಮದು. ಘಟ್ಟದ ಕಾವಲಿಗೆ ನೀನೇ ನಾಯಕ."

"ಆಗಲಿ. ಆದರೆ ದಾರಿ ನಡೆಯೋರ ಹತ್ತಿರ ಬಿಡಿಗಾಸೂ ಇಸ್ಕೊಳ್ಳಲ್ಲ," ಎಂದ ಮುದ್ದ.

ಅರಸಿ ತಾನೇ ಸೆರೆಮನೆಗೆ ನಡೆದಳು. ಜವರಿ ಮಗನನ್ನು ಎದೆಗೆ ಒತ್ತಿಕೊಂಡು, ಮುಖವೆಲ್ಲ ಸವರಿ, ತಲೆ ನೇವರಿಸಿದಳು. ಅರಸಿ ಕೈಮುಗಿದು ಕ್ಷಮೆ ಕೇಳಿದಳು. ಮುದುಕಿ ಅವಳ ಒಣಗಿದ ತುಟಿ, ಗುಳಿಬಿದ್ದ ಕಣ್ಣು ನೋಡಿದಳು.

"ಎಷ್ಟು ಸೊರಗಿದ್ದೀಯೇ ಮಗಳೇ! ಹೊಟ್ಟೆಗೆ ಏನಾದ್ರೂ ತಿಂದ್ಯಾ ಇಲ್ವಾ?"

ತಮ್ಮ ಸತ್ತ ಮೇಲೆ ಅರಮನೆಯಲ್ಲಿ ಎಲ್ಲರೂ ಅರಸಿಗೆ ಸೇಡಿನ ಮಾತು ಹೇಳಿದ್ದರು. ಇದನ್ನು ಒಬ್ಬರೂ ಕೇಳಿರಲಿಲ್ಲ. ಪದ್ಮಲೆ ಸೆರೆಮನೆಯ ನೆಲದ ಮೇಲೆ ಕುಸಿದು ಕೂತು, ಜವರಿಯ ಮಡಿಲಲ್ಲಿ ಮುಖವಿಟ್ಟು, ಅವತ್ತಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು.