ದೊಡ್ಡೋರು ಯಾರು ಅಂತ ಗಾಳಿ ಕೇಳಿದ್ದು

"ಏನ್ರೇ, ಕಡಲಿಗೆ ಯಾವ ಕಡೆ ಹೋಗಬೇಕು?"

ಕೇಳಿದವಳು ಗಾಳಿಯವ್ವ. ಭೂಮಿ ಆಗಷ್ಟೇ ಹುಟ್ಟಿತ್ತು, ಬೆಟ್ಟಗಳ ಮೈ ಇನ್ನೂ ಹಸಿಯಾಗಿತ್ತು. ಕಡಲಿನಿಂದ ಮೋಡ ಕರೆತರಲು ಹೊರಟವಳು ದಾರಿ ತಪ್ಪಿ ಒಂದೇ ಹುಣಿಸೆಮರವನ್ನು ಸುತ್ತಿ ಸುತ್ತಿ ಬರುತ್ತಿದ್ದಳು.

ಮರದಡಿ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಒಂದು ಹುಳು ಸಿಕ್ಕರೂ "ಬನ್ರೇ" ಎಂದು ಎಲ್ಲರನ್ನೂ ಕರೆದು ತಿನ್ನುವ ಕಾಲ ಅದು. ದಾರಿ ಕೇಳಿದ್ದೇ ತಡ, ಎಲ್ಲವೂ ಒಟ್ಟಿಗೆ ಕೂಗಿದವು.

"ಈ ಕಡೆ!"

"ಅಲ್ಲ, ಆ ಕಡೆ!"

"ಹಳ್ಳ ದಾಟಿ, ಹೊತ್ತು ಮುಳುಗೋ ಕಡೆ," ಎಂದಿತು ಒಂದು ಸಣ್ಣ ದನಿ. ಗದ್ದಲದಲ್ಲಿ ಅದು ಯಾರದೆಂದು ತಿಳಿಯಲಿಲ್ಲ.

ದಾರಿ ಕೇಳಿದರೆ ಸಂತೆಯೇ ನೆರೆಯಿತಲ್ಲ! ಗಾಳಿಯವ್ವನ ಬಾಯಿಂದ ಮಾತು ಜಾರಿಬಿತ್ತು: "ನಿಮ್ಮಲ್ಲಿ ದೊಡ್ಡೋರು ಯಾರ್ರೇ? ಅವರೊಬ್ಬರೇ ಹೇಳಲಿ."

ಕೋಳಿಗಳು ಕೆದಕುವುದನ್ನು ಬಿಟ್ಟು ತಲೆಯೆತ್ತಿದವು. ದೊಡ್ಡೋರು? ಆ ಮಾತನ್ನು ಅವು ಕೇಳಿಯೇ ಇರಲಿಲ್ಲ.

ಅವುಗಳಲ್ಲಿ ಕೆಂಚಿ ಎಂಬವಳು ಕತ್ತು ನಿಮಿರಿಸಿದಳು. "ನಾನೇ."

"ನೀನಾ? ನಿನ್ನ ಜುಟ್ಟು ನೋಡ್ಕೊಂಡಿದೀಯಾ?" ನಕ್ಕಳು ಕರಿಯವ್ವ.

ಕೆಂಚಿ ಟಕ್ಕನೆ ಅವಳನ್ನು ಕುಕ್ಕಿದಳು. ಆ ಉರಿಗೆ ಕರಿಯವ್ವ ಪಕ್ಕದವಳನ್ನು ಕುಕ್ಕಿದಳು. ಪಕ್ಕದವಳು ಇನ್ನೊಬ್ಬಳನ್ನು. ಕೊನೆಗೆ ಉಳಿದವಳು ಚುಕ್ಕಿ. ಅವಳಿಗೆ ಕುಕ್ಕಲು ಯಾರೂ ಇರಲಿಲ್ಲ.

ಕೆಂಚಿಗೆ ದಾರಿ ಗೊತ್ತಿರಲಿಲ್ಲ. ಕಿವಿಗೆ ಬಿದ್ದಿದ್ದ ಆ ಸಣ್ಣ ದನಿಯ ಮಾತನ್ನೇ ಗತ್ತಿನಿಂದ ಹೇಳಿದಳು. "ನಿಮ್ಮ ಋಣ ಇಟ್ಕೊಳ್ಳಲ್ಲ, ಬರುವಾಗ ಕಾಳು ತರ್ತೀನಿ," ಎಂದು ಗಾಳಿಯವ್ವ ಹೊರಟಳು.

ಮೋಡದ ಜೊತೆ ಮರಳಿದಾಗ ಅವಳ ಮಡಿಲ ತುಂಬ ಕಾಳು. ಮರದಡಿ ಸುರಿದಳು. "ಬನ್ರೇ" ಎಂದು ಯಾರೂ ಕರೆಯಲಿಲ್ಲ. ಕೆಂಚಿ ತಿಂದಳು, ಉಳಿದವರು ಕಾದರು. ಚುಕ್ಕಿಯ ನೆತ್ತಿಯ ಪುಕ್ಕವೆಲ್ಲ ಉದುರಿತ್ತು.

"ಎಲ್ಲರಿಗೂ ತಂದಿದ್ದು ಕಣ್ರೇ!" ಎಂದಳು ಗಾಳಿಯವ್ವ.

"ದೊಡ್ಡೋರು ಮೊದಲು," ಎಂದಳು ಕರಿಯವ್ವ. "ನೀನೇ ಕೇಳಿದ್ದಲ್ವಾ?"

"ಮರೆತುಬಿಡ್ರೇ. ನಾನು ಕೇಳಿದ್ದು ದಾರಿ."

ಯಾರೂ ಮರೆಯಲಿಲ್ಲ. ದೂರದ ಮೋಡವನ್ನು ಕರೆತರುವವಳಿಗೆ, ಆಡಿದ ಮಾತನ್ನು ಕರೆತರಲು ಆಗಲಿಲ್ಲ.

ದೂರದಿಂದ ಚುಕ್ಕಿ ಮೆಲ್ಲಗೆ ಕೇಳಿದಳು: "ಕಡಲು ಸಿಕ್ತಾ, ಅವ್ವಾ?"

ಗಾಳಿಯವ್ವ ಬೆಚ್ಚಿದಳು. ಅದೇ ಸಣ್ಣ ದನಿ!

ಈಗಲೂ ಅಷ್ಟೇ, ಮಗು. ಅಂಗಳದಲ್ಲಿ ಅಜ್ಜಿ ಕಾಳು ಕೇರುವಾಗ ನೋಡು: ಒಂದು ಕೋಳಿ ಇನ್ನೊಂದನ್ನು ಕುಕ್ಕುತ್ತದೆ, ಅದು ಮತ್ತೊಂದನ್ನು. ಕೊನೆಯದು ಬೇಲಿಯ ಹತ್ತಿರ ಸುಮ್ಮನೆ ನಿಂತಿರುತ್ತದೆ. ಆಗ ಎಲ್ಲಿಂದಲೋ ಗಾಳಿ ಬೀಸಿ, ಮೊರದ ಹೊಟ್ಟಿನ ಜೊತೆ ಒಂದಿಷ್ಟು ಕಾಳನ್ನೂ ಬೇಲಿಯತ್ತ ಹಾರಿಸುತ್ತದೆ. "ಹಾಳು ಗಾಳಿ!" ಎಂದು ಅಜ್ಜಿ ಬೈಯುತ್ತಾಳೆ. ಬೈಸಿಕೊಂಡೇ ಗಾಳಿಯವ್ವ ಚುಕ್ಕಿಯ ಋಣ ತೀರಿಸುತ್ತಾಳೆ.