ಅಧ್ಯಕ್ಷರಿಗೆ ಕಾಣದ ನೋಡ್

ಜೇನು ಸಹಕಾರ ಸಂಘದ ಗುಮಾಸ್ತೆ ಜಲಜಾಕ್ಷಿ, ಯಾವ ಡಬ್ಬಿಯ ಜೇನು ಯಾವ ಊರಿನದೆಂಬ ದಾಖಲೆಯನ್ನು ಬ್ಲಾಕ್‌ಚೈನಿಗೆ, ಅಂದರೆ ಯಾರೂ ಗುಟ್ಟಾಗಿ ತಿದ್ದಲಾಗದ ಕಂಪ್ಯೂಟರ್ ಲೆಕ್ಕಪುಸ್ತಕಕ್ಕೆ, ಸೇರಿಸಿದ್ದಳು. ಆ ದಾಖಲೆಯನ್ನು ಕಾಯುವ 'ನೋಡ್' ಎಂಬ ತಂತ್ರಾಂಶ ದೂರದೂರಿನ ಸರ್ವರ್‌ನಲ್ಲಿತ್ತು. ಕಚೇರಿಯ ಪರದೆ ಅದಕ್ಕೆ ಜೋಡಿಸಿದ ಮುಖ ಮಾತ್ರ.

"ಸಾರ್, ನೋಡ್ ಓಡ್ತಿದೆ," ಎಂದಳು.

ಜಾಮೂನು ತಿನ್ನುತ್ತಿದ್ದ ಅಧ್ಯಕ್ಷ ವೃಷಭೇಂದ್ರಯ್ಯನವರು ಕೆಂಡವಾದರು. "ನನಗೇ ನೋಡು ಅಂತೀಯಾ? ನೋಡಿ ಅನ್ನಬೇಕು! ಎಲ್ಲಿ, ಏನು ಓಡ್ತಿದೆ?" ಎಂದು ಕಿಟಕಿಯಿಂದ ಇಣುಕಿದರು.

ನೋಡ್ ಅಂದರೇನು, ಅದು ಎಲ್ಲಿದೆ ಎಂದು ಅವಳು ವಿವರಿಸಿದ ಮೇಲೆ ಅವಮಾನ ಇನ್ನೂ ಹೆಚ್ಚಿತು. "ಇಲ್ಲಿಲ್ಲದ್ದು ಇಲ್ಲಿ ಹೇಗೆ ಕೆಲಸ ಮಾಡುತ್ತೆ? ಸಂಜೆಯೊಳಗೆ ಅದು ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಜಲಜಾಕ್ಷಿ ಹೊರಗೆ ಹೋಗಿ, ಮೈಸೂರಿನಲ್ಲಿದ್ದ ಅಧ್ಯಕ್ಷರ ಪತ್ನಿಗೆ ಫೋನ್ ಮಾಡಿದಳು. "ಅಮ್ಮಾ, ಸಕ್ಕರೆ ಕಾಯಿಲೆ ಇದ್ರೂ ಸಾಹೇಬ್ರು ಇವತ್ತು ಜಾಮೂನು ತಿಂತಿದ್ದಾರೆ."

ಮರುಕ್ಷಣ ಅಧ್ಯಕ್ಷರ ಫೋನ್ ರಿಂಗಾಯಿತು. ಅವರು ಕುರ್ಚಿ ಬಿಟ್ಟು ಎದ್ದು ನಿಂತರು. "ಇಲ್ಲ ಕಣೇ... ಒಂದೇ... ಚಿಕ್ಕದು..." ಎನ್ನುತ್ತಾ ತಟ್ಟೆಯನ್ನು ದೂರ ತಳ್ಳಿದರು.

ಜಲಜಾಕ್ಷಿ ಒಳಗೆ ಬಂದು ವಿನಯದಿಂದ ಹೇಳಿದಳು: "ಸಾರ್, ಅಮ್ಮಾವ್ರು ನೋಡ್ ಇದ್ದ ಹಾಗೆ, ನಿಮ್ಮ ಫೋನು ಈ ಪರದೆ ಇದ್ದ ಹಾಗೆ. ಅವರು ಅಲ್ಲೇ ಇದ್ದಾರೆ, ಇಲ್ಲಿ ಕೆಲಸ ಆಯ್ತು. ಈಗ ಅಮ್ಮಾವ್ರನ್ನೂ ನೋಡನ್ನೂ ಇಲ್ಲಿಗೇ ಕರೆಸಲಾ?"

ಅಧ್ಯಕ್ಷರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬೇಡ ತಾಯಿ, ಅಲ್ಲೇ ಇರಲಿ. ನೀನು ನಾಳೆ ಬೇಗ ಬಾ."