ಈಚಲ ಮರದ ಮಡಕೆ

ಈಚಲ ಮರಕ್ಕೆ ಕಟ್ಟಿದ್ದ ಹೆಂಡದ ಮಡಕೆ ಅಳಿಲಿನ ದಾರಿಯಲ್ಲೇ ಇತ್ತು. ಅಳಿಲು ದಿನಾ ಒಂದು ಗುಟುಕು ಹೀರುತ್ತಿತ್ತು. ನೆಂಟರು ಬಂದ ದಿನ ಮಾತ್ರ ಹೊಟ್ಟೆ ಬಿರಿಯುವಷ್ಟು. ಮರದ ಬುಡದಲ್ಲಿ ಅಮಲೇರಿ ಬಿದ್ದಿರುತ್ತಿದ್ದ ಪುನುಗಿನ ಬೆಕ್ಕನ್ನು ಕಂಡಾಗಲೆಲ್ಲ, "ಸದ್ಯ, ನಾನು ಇವನ ಹಾಗಲ್ಲ" ಎಂದು ನೆಮ್ಮದಿಪಡುತ್ತಿತ್ತು.

ಒಂದು ದಿನ ಅಳಿಲು ಹುಣಸೆ ಮರದ ಹೊಸ ಗೂಡಿಗೆ ಮರಿಯನ್ನು ಕಚ್ಚಿಕೊಂಡು ಹೊರಟಿತ್ತು. ಮಡಕೆಯ ಬಳಿ ಮರಿಯನ್ನು ಗರಿಯ ಸಂದಿಯಲ್ಲಿಟ್ಟು, ಎಂದಿನಂತೆ ಹೀರಿ, ಮತ್ತೆ ಕಚ್ಚಿಕೊಂಡು ಹಾರಿತು. ಹುಣಸೆ ಕೊಂಬೆ ಸಿಗಲಿಲ್ಲ. ತಾಯಿ, ಮರಿ ಎರಡೂ ತರಗೆಲೆಯ ಮೇಲೆ ಬಿದ್ದವು. ಮರಿ ಚೀರಿತು.

ಬೆಕ್ಕು ಕಣ್ಣು ತೆರೆಯಿತು. "ಇಷ್ಟಕ್ಕೆಲ್ಲ ನಡುಗುತ್ತಾರೇನು ಅಳಿಲಕ್ಕ? ನಾನು ದಿನಾ ಬೀಳುತ್ತೇನೆ."

"ನಿನಗೆ ಭಯವಾಗುವುದಿಲ್ಲವೇ ಅಣ್ಣ?"

"ಯಾಕಾಗಬೇಕು? ಆ ಬಾವಲಿ ಕುಡಿದು ಕುಡಿದು ಮಡಕೆಯೊಳಗೇ ಬಿದ್ದು ಸತ್ತ. ಸದ್ಯ, ನಾನು ಅವನ ಹಾಗಲ್ಲ."

ತನ್ನದೇ ಮಾತು ಬೆಕ್ಕಿನ ಬಾಯಲ್ಲಿ ಕೇಳಿ ಅಳಿಲು ಮೇಲಿನ ಮಡಕೆಯತ್ತ ನೋಡಿತು. "ಪಾಪ, ಬಾವಲಿ ಯಾರನ್ನು ನೋಡಿ ಧೈರ್ಯ ತಂದುಕೊಂಡಿದ್ದನೋ!" ಎಂದಿತು.

ಬಿಸಿಲೇರಿ ತಲೆ ತಿಳಿಯಾಗುವವರೆಗೂ ಅಳಿಲು ಮರಿಯನ್ನು ಅವುಚಿಕೊಂಡು ಕೂತಿತ್ತು. ಆಮೇಲೆ ಅದನ್ನು ಕಚ್ಚಿಕೊಂಡು ಮರ ಹತ್ತಿತು. ಮಡಕೆಯ ಹತ್ತಿರ ಬಂದಾಗ ಘಮ ಮೂಗಿಗೆ ಬಡಿಯಿತು, ಕಾಲು ತಾನಾಗಿ ನಿಂತಿತು.

ಕೆಳಗಿನಿಂದ ಬೆಕ್ಕು ಕೂಗಿತು: "ಒಂದೇ ಒಂದು ಗುಟುಕು, ಧೈರ್ಯಕ್ಕೆ! ಮರಿಯನ್ನು ಅಲ್ಲೇ ಇಡು, ಎಲ್ಲಿಗೂ ಓಡಿಹೋಗುವುದಿಲ್ಲ."

ಕುಡಿಯಬೇಕಾದರೆ ಬಾಯಿ ಬಿಡಬೇಕಿತ್ತು. ಬಾಯಲ್ಲಿ ಮರಿಯಿತ್ತು.

ಅಳಿಲು ಬಾಯಿ ಬಿಡಲಿಲ್ಲ. ಹಾರಿತು.